ಚಕ್ಕಡಿಗೆ ಪಟ್ಟಿ, ಟ್ರೇಲರಿಗೆ ಇಲ್ಲ

ಗ್ರಾಮ ಪಂಚಾಯತಿ ಯಾವುದರ ಮೇಲೆ ಕರ ಹಾಕಬಹುದು ಎಂಬುದನ್ನು 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣ ಹೇಳುತ್ತದೆ. ಮನೆ, ಖುಲ್ಲಾ ಜಾಗ, ಕುಡಿಯುವ ನೀರು, ಜಾಹೀರಾತಿನ ಫಲಕ, ಸಂತೆ, ಬಸ್ ನಿಲ್ದಾಣ, ಮಾರಾಟಕ್ಕೆ ಬಂದ ದನ, ಪಂಚಾಯತಿ ಜಾಗದಲ್ಲಿ ಮೇಯುವ ದನ. ಆ ಸಾಲಿನಲ್ಲಿ ವಾಹನವೂ ಇದೆ. ಆದರೆ ಅದಕ್ಕೊಂದು ಕಟ್ಟು ಹಾಕಿದ್ದಾರೆ: ಮೋಟಾರು ವಾಹನ ಬಿಟ್ಟು. ಅಂದರೆ ಚಕ್ಕಡಿಗೆ ಪಟ್ಟಿ ಹಾಕಬಹುದು, ಸೈಕಲ್ಲಿಗೆ ಹಾಕಬಹುದು. ಟ್ರ್ಯಾಕ್ಟರಿಗೆ ಇಲ್ಲ, ಅದರ ಹಿಂದಿನ ಟ್ರೇಲರಿಗೂ ಇಲ್ಲ. ಕೇಂದ್ರದ ಮೋಟಾರು ಕಾಯ್ದೆಯ ಪ್ರಕಾರ ಎಂಜಿನ್ ಇಲ್ಲದ ಟ್ರೇಲರೂ ಮೋಟಾರು ವಾಹನವೇ.

ನಾನು ನವಲಗುಂದ ತಾಲೂಕಿನ ತಿರ್ಲಾಪುರದ ಕಡೆಯವ. ಪಂಚಾಯತಿಯಲ್ಲಿ ಕರವಸೂಲಿಗಾರನಾಗಿ ಸೇರಿ ಕಾರ್ಯದರ್ಶಿಯಾಗಿ ನಿವೃತ್ತನಾದೆ. ಮನೆಪಟ್ಟಿ, ನಳದ ಪಟ್ಟಿ ಎಂದು ಬಾಗಿಲು ಬಾಗಿಲು ತಿರುಗಿದ ಕಾಲು ಇವು. ಪ್ರತಿ ಗ್ರಾಮಸಭೆಯಲ್ಲೂ ತಪ್ಪದೇ ಏಳುತ್ತಿದ್ದ ಪ್ರಶ್ನೆ ಒಂದೇ: ಹಳ್ಳದ ಪೂಲ್ ಯಾವಾಗ ದುರಸ್ತಿ? ಉತ್ತರವೂ ಒಂದೇ: ಅನುದಾನ ಬಂದಾಗ. ಸಂವಿಧಾನದ 11ನೇ ಅನುಸೂಚಿಯ 13ನೇ ಬಾಬು ರಸ್ತೆ, ಮೋರಿ, ಸೇತುವೆ, ದೋಣಿಗಳನ್ನು ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಸೇರಿಸಿದೆ. ಸೇತುವೆಯ ಹೊಣೆ ಕೆಳಗೆ ಬರಬಹುದು, ಸೇತುವೆ ಸವೆಸುವ ಗಾಲಿಯ ರೊಕ್ಕ ಮಾತ್ರ ಮೇಲೆಯೇ ಇರಬೇಕು. ಇದು ಹೀಗೇ ಇತ್ತೇ ಎಂದು ಹಳೆಯ ಕಾಯ್ದೆಗಳನ್ನೂ ದಫ್ತರಗಳನ್ನೂ ತಿರುವಿ ನೋಡುವ ಚಟ ನನಗೆ ನೌಕರಿಯಲ್ಲಿದ್ದಾಗಲೇ ಹತ್ತಿತು. ಹೀಗಿರಲಿಲ್ಲ.

ಮೊದಲು ಹಳ್ಳದ ಮಾತು. ಮಲೆನಾಡಿನವರಿಗೆ ನಮ್ಮ ಹಳ್ಳಗಳನ್ನು ಬೇಸಿಗೆಯಲ್ಲಿ ತೋರಿಸಿದರೆ ನಕ್ಕುಬಿಡುತ್ತಾರೆ. ಬೆಣ್ಣಿಹಳ್ಳ ಶಿಗ್ಗಾವಿ ತಾಲೂಕಿನ ದುಂಡಸಿ ಸೀಮೆಯಲ್ಲಿ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲೂಕುಗಳನ್ನು ಹಾದು, ರೋಣ ತಾಲೂಕಿನ ಮೆಣಸಗಿ ಹತ್ತಿರ ಮಲಪ್ರಭೆಗೆ ಬೀಳುತ್ತದೆ. ಧಾರವಾಡದ ಕಡೆಯಿಂದ ಬರುವ ತುಪ್ಪರಿಹಳ್ಳ ದಾರಿಯಲ್ಲಿ ಇದನ್ನು ಕೂಡುತ್ತದೆ. ವರ್ಷದ ಬಹುಪಾಲು ತಳದಲ್ಲಿ ಸವಳು ನೀರು, ದಂಡೆಗೆ ಜಾಲಿ. ಮೇಲೆ ಹುಬ್ಬಳ್ಳಿ-ಧಾರವಾಡದಲ್ಲಿ ದೊಡ್ಡ ಮಳೆ ಹೊಡೆದರೆ ನಮ್ಮಲ್ಲಿ ಹನಿ ಬೀಳದಿದ್ದರೂ ರಾತ್ರೋರಾತ್ರಿ ‘ಹಳ್ಳ ಬಂತು’. ಎರಿ ನೆಲ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಮೇಲೆ ನಿಂತ ಯಾವ ಕಟ್ಟಡವೂ ವರ್ಷಕ್ಕೆರಡು ಸಲ ಮೈ ಹೊರಳಿಸುತ್ತದೆ.

ಪೂಲ್ ಬಿತ್ತು ಅನ್ನುತ್ತೇವಲ್ಲ, ಬೀಳುವುದು ಹೆಚ್ಚಾಗಿ ಪೂಲ್ ಅಲ್ಲ. ಕೊಳವೆ ಹಾಕಿ ಮೇಲೆ ಕಾಂಕ್ರೀಟ್ ಬಳಿದ ನೆಲಮಟ್ಟದ ಸೇತುವೆಗಳು ನಮ್ಮ ಕಡೆ ಬಹಳ. ಪ್ರವಾಹ ಬಂದಾಗ ಬಳ್ಳಾರಿ ಜಾಲಿಯ ಕಂಟಿ, ಹತ್ತಿಕಟ್ಟಿಗೆ, ಗೋವಿನಜೋಳದ ದಂಟು ಎಲ್ಲ ಹರಿದು ಬಂದು ಕೊಳವೆಯ ಬಾಯಿಗೆ ಬಡಿಯುತ್ತವೆ. ಬಾಯಿ ಕಟ್ಟಿತೆಂದರೆ ನೀರಿಗೆ ಎರಡೇ ದಾರಿ: ಮೇಲೆ ಹತ್ತಬೇಕು, ಇಲ್ಲವೇ ಪಕ್ಕದ ಮಣ್ಣು ಕೊರೆಯಬೇಕು. ಎರಿ ಮಣ್ಣು ಕೊರೆಯುವುದು ಸುಲಭ. ಮುಂಜಾನೆ ನೋಡಿದರೆ ಸೇತುವೆ ಹಳ್ಳದ ನಡುವೆ ಗಟ್ಟಿಯಾಗಿ ನಿಂತಿರುತ್ತದೆ, ಅದಕ್ಕೆ ಹೋಗುವ ದಾರಿ ಎರಡೂ ಕಡೆ ಕಿತ್ತುಹೋಗಿರುತ್ತದೆ. 2009ರ ಸೆಪ್ಟೆಂಬರ್ ಕೊನೆಯ ಮಳೆಯಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಇದೇ ಕಥೆ. ಇಂಥದಕ್ಕೆ ಬೇಕಾದದ್ದು ಹೊಸ ಸೇತುವೆಯಲ್ಲ. ಮಳೆಗಾಲಕ್ಕೆ ಮುಂಚೆ ಕಂಟಿ ಕಡಿಸಬೇಕು, ಕೊಳವೆ ತೆಗೆಸಬೇಕು, ಎರಡೂ ಬದಿಗೆ ಕಲ್ಲು ಪಿಚಿಂಗ್ ಮಾಡಿ ಗರಸು ಹಾಕಿಸಬೇಕು. ಸಣ್ಣ ಮೊತ್ತ, ಆದರೆ ಪ್ರತಿ ವರ್ಷ ಬೇಕು. ಅನುದಾನದ ಸ್ವಭಾವ ಇದಕ್ಕೆ ತದ್ವಿರುದ್ಧ: ದೊಡ್ಡ ಮೊತ್ತ, ಎಂದೋ ಒಮ್ಮೆ, ಮುಂದೆ ಒಂದು ಶಿಲಾಫಲಕ.

ಗಾಲಿಯಿಂದ ರೊಕ್ಕ ಎತ್ತುವುದು ನಮ್ಮ ಬೆಳ್ವೊಲ ನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರು ಮತ್ತೆ ಮತ್ತೆ ಬರುತ್ತವೆ. ಎತ್ತಿನ ಹೇರಿಗಿಷ್ಟು, ಬಂಡಿಗಿಷ್ಟು ಎಂದು ಎತ್ತಿ ದೇವರ ನಂದಾದೀವಿಗೆಗೋ ಕೆರೆಯ ಕೆಲಸಕ್ಕೋ ಬಿಟ್ಟುಕೊಟ್ಟ ದತ್ತಿಗಳಿವೆ. ಹಣ ಯಾವುದಕ್ಕೆ ಎಂದು ಕಲ್ಲಿನಲ್ಲಿ ಕೊರೆದಿಡುತ್ತಿದ್ದರು; ತಪ್ಪಿದವನಿಗೆ ಶಾಪವೂ ಅದೇ ಕಲ್ಲಿನಲ್ಲಿ. ಇಂದಿನ ಲೆಕ್ಕಪರಿಶೋಧನೆಗಿಂತ ಅದಕ್ಕೆ ಭಯ ಜಾಸ್ತಿ ಇತ್ತೆಂದು ನನ್ನ ಗುಮಾನಿ.

ಪೇಶ್ವೆ ಕಾಲದಲ್ಲಿ ಜಕಾತಿ. ದೇಸಾಯಿಯ ಸೀಮೆಗೊಂದು ನಾಕಾ, ಜಹಗೀರಿನ ಗಡಿಗೊಂದು ನಾಕಾ. 1818ರಲ್ಲಿ ಥಾಮಸ್ ಮನ್ರೋ ಧಾರವಾಡದಿಂದ ಹೊರಟು ನವಲಗುಂದ ಸೀಮೆಯನ್ನು ಕಂಪನಿಗೆ ಸೇರಿಸಿಕೊಂಡ ಮೇಲೂ ಕೆಲವು ವರ್ಷ ಅದೇ ನಡೆಯಿತು. ಮುಂಬಯಿ ಇಲಾಖೆಯಲ್ಲಿ ಹಾದಿಯ ಸುಂಕ ರದ್ದಾದದ್ದು 1838ರ ಮೊದಲನೇ ಕಾಯ್ದೆಯಿಂದ. ಸರಕು ಹಗುರಾಯಿತು, ಹಾದಿ ಮಾತ್ರ ಹಾಗೇ ಉಳಿಯಿತು.

ಹಾದಿಗೆ ರೊಕ್ಕ ಬೇಕಾದದ್ದು ಹತ್ತಿಯಿಂದ. ಧಾರವಾಡ ಜಿಲ್ಲೆಯ ಹತ್ತಿ ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಕ್ಕೆ ಹೋಗುತ್ತಿತ್ತು. ಅಲ್ಲಿಂದ ಹಡಗಿಗೆ ಏರಿದ ಹತ್ತಿಗೆ ಪೇಟೆಯಲ್ಲಿ ಕುಮಟಾ ಹತ್ತಿ ಎಂದೇ ಹೆಸರು, ಬೆಳೆದದ್ದು ನಮ್ಮ ಎರಿಯಲ್ಲಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡು ಲಂಕಾಶೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತಾಗ ನಮ್ಮ ಹತ್ತಿಗೆ ಬೆಲೆ ಏರಿತು. ಆಗ ಸರ್ಕಾರಕ್ಕೆ ಕಂಡಿತು, ಮಳೆಗಾಲದಲ್ಲಿ ನವಲಗುಂದದ ಎರಿಯಲ್ಲಿ ಚಕ್ಕಡಿ ಗುಂಬದವರೆಗೆ ಹೂತುಹೋಗುತ್ತದೆ ಎಂದು. ಎತ್ತಿಗೂ ರೈತನಿಗೂ ಅದು ಮೊದಲೇ ಗೊತ್ತಿತ್ತು.

1869ರ ಬಾಂಬೆ ಲೋಕಲ್ ಫಂಡ್ಸ್ ಕಾಯ್ದೆ ಬಂದದ್ದು ಈ ಹಿನ್ನೆಲೆಯಲ್ಲಿ. ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆ ಹೆಚ್ಚುವರಿ. ಆ ಒಂದಾಣೆಯಲ್ಲಿ ಮೂರರಲ್ಲಿ ಎರಡು ಪಾಲು ರಸ್ತೆ ಮುಂತಾದ ಕೆಲಸಕ್ಕೆ, ಒಂದು ಪಾಲು ಸಾಲಿಗೆ. ಇದರ ಜೊತೆಗೆ ದೋಣಿಯ ಗುತ್ತಿಗೆ, ನಾಕಾದ ಉತ್ಪನ್ನ, ಮರಳು-ಕಲ್ಲಿನ ಬಾಡಿಗೆ, ಕೊಂಡವಾಡದ ದಂಡ. ಊರ ಎಮ್ಮಿ ಯಾರದೋ ಕಡಲೆ ಮೇಯ್ದರೆ ಅದರ ದಂಡದ ಉಳಿಕೆ ರಸ್ತೆಯ ಕಲ್ಲಿಗೆ ಹೋಗುತ್ತಿತ್ತು! ನನಗೆ ಈ ವ್ಯವಸ್ಥೆಯ ಮೇಲೆ ಅಂಥ ಪ್ರೀತಿ ಏನಿಲ್ಲ. ಒಂದಾಣೆ ಕೊಟ್ಟವನು ಹೊಲದ ರೈತ, ರಸ್ತೆ ಬೇಕಾದದ್ದು ಹತ್ತಿ ವ್ಯಾಪಾರಕ್ಕೆ. ಮೊದಮೊದಲು ಈ ಹಣ ನೋಡಿಕೊಳ್ಳುವ ಸಮಿತಿಯಲ್ಲಿ ಕೂತವರು ಕಲೆಕ್ಟರರು ಮತ್ತು ಅವರು ಆರಿಸಿದ ಇನಾಮದಾರರು. ಆದರೂ ಒಂದು ಗುಣ ಇತ್ತು. ಎಷ್ಟು ಬಂತು, ಅದರಲ್ಲಿ ರಸ್ತೆಗೆ ಎಷ್ಟು ಎಂಬ ಲೆಕ್ಕ ಜಿಲ್ಲೆಯೊಳಗೇ ಮುಗಿಯುತ್ತಿತ್ತು. ರಿಪ್ಪನ್ ಸಾಹೇಬರ 1882ರ ನಿರ್ಣಯದ ಬೆನ್ನಿಗೆ 1884ರಲ್ಲಿ ಲೋಕಲ್ ಬೋರ್ಡ್ ಕಾಯ್ದೆ ಬಂದು ಜಿಲ್ಲೆಗೊಂದು, ತಾಲೂಕಿಗೊಂದು ಬೋರ್ಡ್ ಆಯಿತು. ನಮ್ಮ ಹಿರಿಯರ ಬಾಯಲ್ಲಿ ‘ಲೋಕಲ್ ಬೋರ್ಡಿನ ರಸ್ತಾ’ ಎಂಬ ಮಾತು ಬೋರ್ಡ್ ಹೋದ ಮೇಲೂ ಬಹಳ ವರ್ಷ ಇತ್ತು.

ಗಾಲಿಯ ಮೇಲೆ ನೇರವಾಗಿ ಕೈ ಇಟ್ಟದ್ದು ಎರಡು ಬಗೆಯಲ್ಲಿ. ಒಂದು ಟೋಲ್. 1875ರ ಮೂರನೇ ಬಾಂಬೆ ಕಾಯ್ದೆ ಸರ್ಕಾರ ಕಟ್ಟಿದ ಅಥವಾ ದುರಸ್ತಿ ಮಾಡಿದ ರಸ್ತೆ-ಸೇತುವೆಗಳ ಮೇಲೆ ನಾಕಾ ಇಡಲು ಅಧಿಕಾರ ಕೊಟ್ಟಿತು. ನಾಕಾ ಹೆಚ್ಚಾಗಿ ಲಿಲಾವಿನಲ್ಲಿ ಹೋಗುತ್ತಿತ್ತು. ಹೆಚ್ಚು ಕೂಗಿದವನು ಸರ್ಕಾರಕ್ಕೆ ಮೊತ್ತ ಕಟ್ಟಿ, ಮೇಲಿನದನ್ನು ಚಕ್ಕಡಿಯವರಿಂದ ಹಿಂಡಿಕೊಳ್ಳುತ್ತಿದ್ದ. ಜನಕ್ಕೆ ಸಿಟ್ಟು ಬರುತ್ತಿದ್ದುದು ಕಾಸಿಗಲ್ಲ, ಆ ಗುತ್ತಿಗೆದಾರನ ಮುಖಕ್ಕೆ. ಇದು ನಮ್ಮ ಕಡೆಯದಷ್ಟೇ ಅಲ್ಲ. ವೇಲ್ಸ್ ದೇಶದಲ್ಲಿ 1839ರಿಂದ 1843ರವರೆಗೆ ರೈತರು ರಾತ್ರಿ ಹೆಂಗಸರ ಅರಿವೆ ತೊಟ್ಟು ಬಂದು ಟೋಲ್ ಗೇಟುಗಳನ್ನು ಕೊಡಲಿಯಿಂದ ಕಡಿದು ಹಾಕಿದ್ದರು. ಚರಿತ್ರೆಯಲ್ಲಿ ಅದಕ್ಕೆ ರೆಬೆಕ್ಕಾ ದಂಗೆ ಎಂದು ಹೆಸರು. ಹುಬ್ಬಳ್ಳಿ-ಧಾರವಾಡ ಬೈಪಾಸಿನ ಕಿರಿದಾದ ದಾರಿಗೆ ವರ್ಷಗಟ್ಟಲೆ ಟೋಲ್ ಕೊಟ್ಟವರಿಗೆ ಆ ಕೊಡಲಿಯ ಮನಸ್ಸು ಅರ್ಥವಾಗುತ್ತದೆ.

ಇನ್ನೊಂದು ಬಗೆ ಬಿಲ್ಲೆ. 1901ರ ಬಾಂಬೆ ಡಿಸ್ಟ್ರಿಕ್ಟ್ ಮುನಿಸಿಪಲ್ ಕಾಯ್ದೆ ಊರೊಳಗೆ ಇಟ್ಟುಕೊಂಡ ವಾಹನ, ದೋಣಿ, ಪಶುಗಳ ಮೇಲೆ ತೆರಿಗೆ ಹಾಕಲು ಪುರಸಭೆಗಳಿಗೆ ಬಿಟ್ಟಿತ್ತು. ಚಕ್ಕಡಿ, ಟಾಂಗಾ, ಮುಂದೆ ಸೈಕಲ್: ವರ್ಷಕ್ಕೊಮ್ಮೆ ಪಟ್ಟಿ ಕಟ್ಟಿ ತಗಡಿನ ಬಿಲ್ಲೆ ತಗೊಂಡು ಜಡಿದುಕೊಳ್ಳಬೇಕು. ನಮ್ಮ ಅಪ್ಪನ ಸೈಕಲ್ಲಿಗೆ ಇದ್ದ ಬಿಲ್ಲೆ ನನಗೆ ಚಲೋ ನೆನಪಿದೆ. ಹ್ಯಾಂಡಲಿನ ಕೆಳಗೆ ತಂತಿಯಿಂದ ಬಿಗಿದಿದ್ದರು. ಬಿಲ್ಲೆ ಇಲ್ಲದವರು ಸಂತೆಯ ದಿನ ಪೇಟೆಯ ಹೊರಗೇ ಇಳಿದು ಪರಿಚಯದವರ ಮನೆಯಲ್ಲಿ ಸೈಕಲ್ ಬಿಟ್ಟು ನಡೆದು ಹೋಗುವರು. ಬಿಲ್ಲೆ ಎಂಬುದು ಆಗಿನ ನೋಂದಣಿಯೇ. ಚಕ್ಕಡಿಗೆ ಹಾಕುವುದಕ್ಕೆ ಕಾರಣವೂ ಇತ್ತು. ಕಬ್ಬಿಣದ ಹಳಿ ಬಿಗಿದ ಸಪೂರ ಗಾಲಿ ಖಡಿ ರಸ್ತೆಯನ್ನು ಕೊಯ್ಯುತ್ತಿತ್ತು, ಒಂದೇ ಜಾಡಿನಲ್ಲಿ ನೂರು ಚಕ್ಕಡಿ ಹೋದರೆ ಜಾಡು ಕಾಲುವೆಯಾಗುತ್ತಿತ್ತು. ಸವೆಸಿದವನು ಕೊಡಲಿ ಎಂಬ ನ್ಯಾಯ.

ಮೋಟಾರು ಬಂದ ಮೇಲೆ ನ್ಯಾಯ ಅದೇ ಇದ್ದು ಲೆಕ್ಕ ಬದಲಾಯಿತು. 1914ರ ಮೋಟಾರು ಕಾಯ್ದೆಯಲ್ಲಿ ನೋಂದಣಿ ಬಂತು. ಊರೂರಿಗೆ ನಾಕಾ, ಊರೂರಿಗೆ ಬಿಲ್ಲೆ ಆದರೆ ಬಸ್ಸು ಓಡುವುದು ಹೇಗೆ? ಬಸ್ಸಿನವರ ಗೋಳು ಸುಳ್ಳಲ್ಲ. ಎಂ. ಆರ್. ಜಯಕರ್ ಅಧ್ಯಕ್ಷತೆಯ ರಸ್ತೆ ಅಭಿವೃದ್ಧಿ ಸಮಿತಿ 1928ರಲ್ಲಿ ವರದಿ ಕೊಟ್ಟು, ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಎರಡಾಣೆ ಹೆಚ್ಚುವರಿ ಸುಂಕ ಹಾಕಿ ರಸ್ತೆಗೆಂದೇ ಬೇರೆ ಇಡಿ ಎಂದಿತು. 1929ರ ಮಾರ್ಚಿನಲ್ಲಿ ಅದು ಜಾರಿಯಾಯಿತು. ಇಂದಿನ ಕೇಂದ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿಯ ಮೂಲ ಅದೇ. 1935ರ ಬಾಂಬೆ ಮೋಟಾರು ವಾಹನ ತೆರಿಗೆ ಕಾಯ್ದೆ ಮೋಟಾರಿನ ಪಟ್ಟಿಯನ್ನು ಪ್ರಾಂತ್ಯದ ಕೈಗೆ ತೆಗೆದುಕೊಂಡಿತು. ಸ್ಥಳೀಯ ಸಂಸ್ಥೆಗಳು ಮೋಟಾರಿನ ಮೇಲೆ ಹಾಕುತ್ತಿದ್ದ ತೆರಿಗೆ, ಟೋಲು ಬಿಡಬೇಕು, ಬದಲಿಗೆ ವರ್ಷಕ್ಕಿಷ್ಟು ಎಂದು ಪರಿಹಾರ. ಆಗ ನಮ್ಮ ಕಡೆ ಮೋಟಾರು ಎಷ್ಟಿದ್ದವು? ಪೇಟೆಯ ಒಂದೆರಡು ಬಸ್ಸು, ಯಾರೋ ದೇಸಾಯರ ಕಾರು. ಬಿಟ್ಟುಕೊಟ್ಟದ್ದು ಚಿಲ್ಲರೆ ಅನ್ನಿಸಿರಬೇಕು. ಮುಂದಿನ ತೊಂಬತ್ತು ವರ್ಷಗಳ ಇಡೀ ಗಾಲಿಯ ಸಂಪತ್ತು ಆ ಸಹಿಯಲ್ಲಿ ಹೋಯಿತು. ಬೋರ್ಡಿನ ಕೈಯಲ್ಲಿ ಉಳಿದದ್ದು ಕರಗುತ್ತ ಹೋಗುವ ಚಕ್ಕಡಿ.

ರಸ್ತೆಗೆಂದೇ ಎತ್ತಿದ ಹಣ ರಸ್ತೆಗೇ ಉಳಿಯುತ್ತದೆ ಎಂಬ ಭರವಸೆಯೂ ಇಲ್ಲ. ಬ್ರಿಟನ್ನಿನಲ್ಲಿ ವಾಹನ ತೆರಿಗೆಯಿಂದ ಕಟ್ಟಿದ ರಸ್ತೆ ನಿಧಿಗೆ 1920ರ ದಶಕದಲ್ಲಿ ಅರ್ಥಮಂತ್ರಿಯಾಗಿದ್ದ ಚರ್ಚಿಲ್ಲೇ ಕೈ ಹಾಕಿ ಸಾಮಾನ್ಯ ಖಜಾನೆಗೆ ಬಳಿದುಕೊಂಡಿದ್ದರು.

1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು. 1957ರ ಮೋಟಾರು ವಾಹನ ತೆರಿಗೆ ಕಾಯ್ದೆಯೂ ಮುಂಬಯಿಯ ದಾರಿಯನ್ನೇ ಹಿಡಿಯಿತು. 1959ರ ಕಾಯ್ದೆಯಲ್ಲಿ ಲೋಕಲ್ ಬೋರ್ಡು ಹೋಗಿ ತಾಲೂಕು ಅಭಿವೃದ್ಧಿ ಮಂಡಳಿ ಬಂತು. 1979ರಲ್ಲಿ ಪಟ್ಟಣಗಳ ಜಕಾತಿ ಹೋಗಿ ರಾಜ್ಯದ ಪ್ರವೇಶ ತೆರಿಗೆ ಬಂತು. ಊರ ಬಾಯಿಯ ನಾಕಾ ಗೂಡುಗಳು ಪಾನಪಟ್ಟಿ ಅಂಗಡಿಗಳಾದವು. ಅದರ ಬಗ್ಗೆ ಯಾರೂ ಅತ್ತದ್ದು ನಾನು ಕಾಣೆ.

ಮರುವರ್ಷ ನವಲಗುಂದ ಹೊತ್ತಿಕೊಂಡಿತು. ಸವದತ್ತಿ ಹತ್ತಿರ ನವಿಲುತೀರ್ಥದ ಆಣೆಕಟ್ಟು ಮುಗಿದು ಮಲಪ್ರಭೆಯ ಕಾಲುವೆಗಳು ನಮ್ಮ ಎರಿಗೆ ಬಂದಿದ್ದವು. ಹಲವು ಕಡೆ ಕಾಲುವೆ ಬಂದಿತ್ತು, ನೀರು ಬಂದಿರಲಿಲ್ಲ. ನೀರು ಬರಲಿ ಬಿಡಲಿ, ಯೋಜನೆಯಿಂದ ಹೊಲದ ಬೆಲೆ ಏರಿದೆ ಎಂದು ಅಭಿವೃದ್ಧಿ ಕರ, ಅದರ ಮೇಲೆ ನೀರಿನ ಕರ, ಬಾಕಿ. 1980ರ ಜುಲೈ 21ರಂದು ನವಲಗುಂದದಲ್ಲಿ ಗೋಳಿಬಾರು. ನಮ್ಮ ತಾಲೂಕಿನ ಅಳಗವಾಡಿಯ ಬಸಪ್ಪ ಲಕ್ಕುಂಡಿ ಸತ್ತರು. ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಸತ್ತರು. ಅಂದಿನಿಂದ ಜುಲೈ 21 ನಮ್ಮಲ್ಲಿ ರೈತ ಹುತಾತ್ಮ ದಿನ. ನಾನಾಗ ಎಳೆಯ ಕರವಸೂಲಿಗಾರ. ಪಟ್ಟಿ ಪುಸ್ತಕವನ್ನು ಅಂಗಿಯೊಳಗೆ ಮುಚ್ಚಿಟ್ಟುಕೊಂಡು ತಿರುಗುತ್ತಿದ್ದೆ.

ಈ ದಂಗೆಯನ್ನು ‘ರೈತರು ಕರ ಕೊಡಲು ಒಲ್ಲೆ ಅಂದರು’ ಎಂದು ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದೇ ವರ್ಷ ಅದೇ ಜನ ನನಗೆ ನಳದ ಪಟ್ಟಿ ಕೊಟ್ಟಿದ್ದಾರೆ. ಯಾಕೆಂದರೆ ನಳದಲ್ಲಿ ನೀರು ಬರುತ್ತಿತ್ತು. ಬಾರದ ನೀರಿಗೆ ಕೊಡುವುದಿಲ್ಲ ಅಂದರು, ಅಷ್ಟೇ. ಸ್ಥಳೀಯ ಶುಲ್ಕದ ಮಾತೆತ್ತಿದಾಗಲೆಲ್ಲ ಮೇಲಿನ ಅಧಿಕಾರಿಗಳು ನವಲಗುಂದದ ಹೆಸರು ಹೇಳಿ ಹೆದರುವುದನ್ನು ನೋಡಿದ್ದೇನೆ. ಅವರು ಆ ಘಟನೆಯ ಅರ್ಧ ಮಾತ್ರ ಓದಿದ್ದಾರೆ.

ಈಗಿನ ಲೆಕ್ಕ ನೋಡಿ. ತಿರ್ಲಾಪುರದ ಹುಡುಗ ಒಂದು ಬೈಕ್ ತಗೊಂಡರೆ ಮೊದಲು ನೋಂದಣಿ ಮಾಡಿಸಬೇಕು. ನೋಂದಣಿ ಶುಲ್ಕ ಕೇಂದ್ರದ ನಿಯಮದಂತೆ ಬೈಕಿಗೆ 300, ಸ್ವಂತದ ಕಾರಿಗೆ 600 ರೂಪಾಯಿ. ಅದು ಚಿಲ್ಲರೆ. ದೊಡ್ಡದು ರಾಜ್ಯದ ಆಜೀವ ತೆರಿಗೆ. ಬೈಕಿನ ಬೆಲೆ 90,000 ಇದ್ದರೆ ಶೇ. 12ರ ದರದಲ್ಲಿ 10,800 ರೂಪಾಯಿ. ಕಾರಿಗೆ ಬೆಲೆ ನೋಡಿಕೊಂಡು ಶೇ. 13ರಿಂದ 18. ಅದರ ಮೇಲೆ ಸೆಸ್. ಸಾರಿಗೆ ಕಾರ್ಮಿಕರ ಕಲ್ಯಾಣಕ್ಕೆಂದು 2024ರ ಡಿಸೆಂಬರಿನಲ್ಲಿ ಮಸೂದೆ ತಂದು ಬೈಕಿಗೆ 500, ಕಾರಿಗೆ 1,000 ರೂಪಾಯಿ ಹೆಚ್ಚುವರಿ ಸೆಸ್ಸನ್ನೂ ಸೇರಿಸಿದ್ದಾರೆ. ಚಾಲಕರಿಗೆ, ಗ್ಯಾರೇಜಿನವರಿಗೆ ಸಹಾಯವಾಗುವುದಾದರೆ ನನ್ನ ತಕರಾರಿಲ್ಲ. ಒಂದು ಉದ್ದೇಶಕ್ಕೆ, ನೋಂದಣಿಯ ಹೊತ್ತಿಗೆ, ಇಂತಿಷ್ಟು ಎಂದು ಎತ್ತಬಹುದು ಎಂದು ಅದರಿಂದ ಸಾಬೀತಾಯಿತಲ್ಲ. ಹಳ್ಳದ ಪೂಲಿಗೆ ಯಾಕೆ ಆಗಬಾರದು?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಇದೇ ನಡೆಯುತ್ತದೆ. ಪಟ್ಟಣ, ಹಳ್ಳಿ, ಕೌಂಟಿಗಳು ತಮ್ಮಲ್ಲಿ ನಿಲ್ಲುವ ವಾಹನಗಳ ನೋಂದಣಿಯ ಮೇಲೆ ತಮ್ಮದೊಂದು ಶುಲ್ಕ ಹಾಕಿಕೊಳ್ಳಬಹುದು. ರಾಜ್ಯದ ಇಲಾಖೆಯೇ ನೋಂದಣಿಯ ಜೊತೆಗೆ ಅದನ್ನು ವಸೂಲಿ ಮಾಡಿ ಆಯಾ ಊರಿಗೆ ಕಳಿಸುತ್ತದೆ, ಹಣವನ್ನು ಸಾರಿಗೆಯ ಕೆಲಸಕ್ಕೇ ಬಳಸಬೇಕು. ಅಲ್ಲಿಯ ಜನ ಅದನ್ನು ಗಾಲಿ ಪಟ್ಟಿ ಎನ್ನುತ್ತಾರೆ, ಬೈಯುತ್ತ ಕಟ್ಟುತ್ತಾರೆ. ನಾಕಾ ಇಲ್ಲ, ಲಿಲಾವು ಇಲ್ಲ, ದಾರಿಯಲ್ಲಿ ಯಾರನ್ನೂ ನಿಲ್ಲಿಸುವುದಿಲ್ಲ. ನಮ್ಮ ಸಂವಿಧಾನದಲ್ಲೂ ಇದಕ್ಕೆ ಅಡ್ಡಿ ಇಲ್ಲ. ವಾಹನ ತೆರಿಗೆ ರಾಜ್ಯಪಟ್ಟಿಯ 57ನೇ ಬಾಬು. ರಾಜ್ಯ ತನ್ನ ತೆರಿಗೆಯ ಅಧಿಕಾರವನ್ನು ಪಂಚಾಯತಿಗೆ ಕೊಡಬಹುದೆಂದು 243-ಎಚ್ ವಿಧಿ ಹೇಳುತ್ತದೆ. 199ನೇ ಪ್ರಕರಣದ ‘ಮೋಟಾರು ವಾಹನ ಬಿಟ್ಟು’ ಎಂಬಲ್ಲಿಗೆ ಒಂದು ತಿದ್ದುಪಡಿ ಸಾಕು.

ಒಂದು ವರ್ಷ ಗ್ರಾಮಸಭೆಯಲ್ಲಿ ಟ್ರೇಲರಿನ ಮಾತು ಬಂತು. ಉಳ್ಳಾಗಡ್ಡಿ, ಹೆಸರು, ಕಡಲೆ ತುಂಬಿದ ಟ್ರೇಲರುಗಳೇ ಹಳ್ಳದ ದಾರಿ ಹಾಳು ಮಾಡುವುದು, ಟ್ರೇಲರಿಗೆ ಇಷ್ಟೆಂದು ಪಂಚಾಯತಿ ಪಟ್ಟಿ ಹಾಕಲಿ ಎಂದು ಒಬ್ಬ ಎದ್ದು ಹೇಳಿದ. ಹೇಳಿದವನಿಗೇ ಟ್ರೇಲರ್ ಇತ್ತು, ಅದಕ್ಕೇ ಸಭೆ ಕಿವಿಗೊಟ್ಟಿತು. ನಾನು ಕಾಯ್ದೆ ಓದಿ ಹೇಳಿದೆ. ಹಿಂದೆ ಕೂತಿದ್ದ ಮುದುಕರೊಬ್ಬರು, “ಹಂಗಾರ ಚಕ್ಕಡಿಗೆ ಹಾಕ್ರಿ. ಊರಾಗ ಎಷ್ಟ ಉಳದಾವು, ಅದನ್ನರ ಎಣಿಸಿದಂಗ ಆಗತೈತಿ” ಎಂದರು. ಸಭೆ ನಕ್ಕಿತು.

ಆದರೂ ಜನ ಬಿಡಲಿಲ್ಲ. ಟ್ರೇಲರ್ ಇದ್ದವರು ತಾವೇ ವಂತಿಗೆ ಕೂಡಿಸಿ ಗರಸು ತರಿಸಿದರು, ಒಬ್ಬರು ಜೆಸಿಬಿಯ ಡೀಸೆಲ್ ಕೊಟ್ಟರು, ಕೊಳವೆಯ ಬಾಯಿಯ ಕಂಟಿ ತೆಗೆಸಿದರು. ಉಳಿದ ರೊಕ್ಕವನ್ನು ಮುಂದಿನ ಮಳೆಗಾಲದ ದುರಸ್ತಿಗೆ ಇರಲಿ ಎಂದು ಪಂಚಾಯತಿಗೆ ತಂದು ಕೊಟ್ಟಾಗ ಕಷ್ಟ ಬಂದದ್ದು ನನಗೆ. ಮನೆಪಟ್ಟಿಗೆ, ನಳದ ಪಟ್ಟಿಗೆ, ಸಂತೆಗೆ, ಕೊಂಡವಾಡಕ್ಕೂ ಲೆಕ್ಕದ ಪುಸ್ತಕದಲ್ಲಿ ಒಂದೊಂದು ಶೀರ್ಷಿಕೆ ಇತ್ತು. ಸೇತುವೆ ದುರಸ್ತಿಗೆಂದು ವಾಹನದವರು ಕೊಟ್ಟ ಹಣವನ್ನು ಜಮಾ ಹಿಡಿಯುವ ಕಲಮು ಎಲ್ಲೂ ಇರಲಿಲ್ಲ. ‘ಇತರೆ ಜಮಾ’ ಎಂದು ಬರೆದು ರಶೀದಿ ಹರಿದುಕೊಟ್ಟೆ. ಲೆಕ್ಕಪರಿಶೋಧನೆಗೆ ಬಂದವರು ಆ ಸಾಲಿನ ಕೆಳಗೆ ಗೆರೆ ಎಳೆದು, ಈ ವಸೂಲಿಗೆ ಆಧಾರವೇನು ಎಂದು ವಿವರಣೆ ಕೇಳಿದರು.